ಕಡಲಾಮೆ ಕಾಯಲು ಹೋಗಿ, ಬರಿಗಾಲಲ್ಲಿ ಬೇಡ

ನಿವೃತ್ತರಾಗಿ ಕಡಲ ಬದಿಯ ಮನೆಗೆ ಮರಳಿದ್ದೀರಾ? ಕುರ್ಚಿಗೆ ಅಂಟಿಕೊಳ್ಳಬೇಡಿ. ಆರೋಗ್ಯಕ್ಕೆ ಯುನಾನಿ ಹೇಳುವ ಆರು ಅಂಶಗಳಲ್ಲಿ ದೇಹದ ಚಲನೆ ಮಾತ್ರವಲ್ಲ, ಮನಸ್ಸಿನ ಚಲನೆಯೂ ಇದೆ. ನಿವೃತ್ತರಲ್ಲಿ ಮೊದಲು ನಿಲ್ಲುವುದು ಅದೇ ಎಂಬುದು ನನ್ನ ಅನುಭವ.

ಕುಂದಾಪುರ, ಹೊನ್ನಾವರದ ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ಸುಮಾರು 100. ಮರಿಯಾಗಲು ಐವತ್ತು ದಿನಗಳಷ್ಟು ಬೇಕು. ಬೆಳಗಿನ ಜಾವ ಮರಳಿನಲ್ಲಿ ಆಮೆಯ ಜಾಡು ನೋಡಿ ಅರಣ್ಯ ಇಲಾಖೆಗೆ ತಿಳಿಸುವುದು, ನಾಯಿಗಳಿಂದ ಗೂಡು ಕಾಯುವುದು ಬಿಡುವಿರುವವರಿಗೆ ಹೇಳಿ ಮಾಡಿಸಿದ ಕೆಲಸ. ಗೂಡನ್ನು ನೀವೇ ಅಗೆಯಬೇಡಿ. ಟಾರ್ಚೂ ಬೇಡ, ಮರಿಗಳು ಬೆಳಕು ಕಂಡತ್ತ ಹೋಗಿ ದಾರಿ ತಪ್ಪುತ್ತವೆ.

‘ಮರಳಲ್ಲಿ ಬರಿಗಾಲ ನಡಿಗೆ ಒಳ್ಳೆಯದಲ್ಲವೇ ಡಾಕ್ಟ್ರೇ?’ ಎಂದು ಕೇಳುವವರು ಬಹಳ. ಸಕ್ಕರೆ ಕಾಯಿಲೆಯವರಿಗೆ ಖಂಡಿತ ಅಲ್ಲ. ಪಾದದ ಸ್ಪರ್ಶ ಕುಂದಿದ್ದರೆ ಗಾಳದ ಕೊಕ್ಕೆ, ಒಡೆದ ಗಾಜು ಚುಚ್ಚಿದ್ದೂ ತಿಳಿಯದು. ಗಾಯ ಕೀವಾಗಿ ಬೆರಳು ಕತ್ತರಿಸುವವರೆಗೂ ಹೋಗಬಹುದು. ಶೂ ಹಾಕಿ, ನೀರಂಚಿನ ಗಟ್ಟಿ ಮರಳಿನಲ್ಲಿ ನಡೆಯಿರಿ. ಸಡಿಲ ಮರಳು ಮೊಣಕಾಲು ನೋವಿನವರಿಗೂ ತ್ರಾಸವೇ. ಮನೆಗೆ ಬಂದು ಪಾದ ತೊಳೆದು, ಬೆರಳ ಸಂದು ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ. ಗಾಯ ಕಂಡರೆ ಅರಿಶಿನ ಮೆತ್ತಿ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ.