ಒಂದು ಕಾಳು, ಎರಡು ಬೇಳೆ

ಕಡಲೆ ರಾಶಿ ಮುಗಿದು ಗದಗ ಸೀಮೆಯ ಕೋಟುಮಚಗಿಯ ಎರೆಹೊಲಗಳು ಬಾಯಿಬಿಡುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಸೌರ ಫಲಕಕ್ಕೆ ಇದೇ ಸುಗ್ಗಿ ಎನಿಸಬಹುದು. ಆದರೆ ಬಿದ್ದ ಬೆಳಕಿನಲ್ಲಿ ಕರೆಂಟಾಗುವುದು ಸುಮಾರು ಐದರಲ್ಲಿ ಒಂದು ಪಾಲು. ಬೇಸಿಗೆಯಲ್ಲಿ ಫಲಕದ ಮೈ 60 ಡಿಗ್ರಿ ಮುಟ್ಟುವುದುಂಟು. 25 ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಅದರ ಇಳುವರಿ ಶೇಕಡ 0.3ರಿಂದ 0.4ರಷ್ಟು ಕುಗ್ಗುತ್ತದೆ.

ಉಳಿದ ಬೆಳಕು ಎಲ್ಲಿ ಹೋಗುತ್ತದೆ? ಬೆಳಕು ಕಾಳುಕಾಳಾಗಿ ಬರುತ್ತದೆ, ಕಾಳುಗಳು ಒಂದೇ ಗಾತ್ರದವಲ್ಲ. ಫಲಕದ ಸಿಲಿಕಾನಿನೊಳಗೆ ಒಂದು ಎಲೆಕ್ಟ್ರಾನನ್ನು ಬಿಡಿಸಲು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಅದಕ್ಕಿಂತ ಸಣ್ಣ ಕಣಗಳು ಸಾಣಿಗೆಯಲ್ಲಿ ನುಚ್ಚು ಉದುರಿದಂತೆ ಹಾದುಹೋಗುತ್ತವೆ. ನೀಲಿ, ಹಸಿರು ಬೆಳಕಿನ ದಪ್ಪ ಕಣಗಳಾದರೋ ತಲಾ ಒಂದೇ ಎಲೆಕ್ಟ್ರಾನ್ ಎಬ್ಬಿಸಿ, ಮಿಕ್ಕಿದ್ದನ್ನೆಲ್ಲ ಶಾಖ ಮಾಡಿಬಿಡುತ್ತವೆ. ಈ ನಷ್ಟವನ್ನು ವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲೇ ಲೆಕ್ಕಹಾಕಿದ್ದರು. ಒಂದೇ ಪದರದ ಕೋಶ ಎಷ್ಟೇ ಚೊಕ್ಕವಾಗಿದ್ದರೂ, ಇಂದಿನ ಲೆಕ್ಕದಂತೆ, ಸುಮಾರು ಶೇಕಡ 33 ದಾಟದು.

ಆ ದಪ್ಪ ಕಣವನ್ನು ಒಡೆದರೆ? ಬೀಸುವ ಕಲ್ಲಿಗೆ ಬಿದ್ದ ಕಡಲೆ ಎರಡು ಬೇಳೆಯಾಗುವಂತೆ, ಟೆಟ್ರಾಸೀನ್ ಎಂಬ ಕಿತ್ತಳೆ ಬಣ್ಣದ ವಸ್ತು ಒಂದು ಕಣದ ಶಕ್ತಿಯನ್ನು ಎರಡು ಅಣುಗಳಿಗೆ ಹಂಚುತ್ತದೆ. ಹೀರಿದ್ದು ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್, ಹಂಚಿದ್ದು ಸುಮಾರು 1.25ರ ಎರಡು ಪಾಲು. ಕೂಡಿಸಿದರೆ ತುಸು ಹೆಚ್ಚೇ ಬರುತ್ತದೆ! ಆ ವ್ಯತ್ಯಾಸವನ್ನು ತುಂಬುವುದು ಸುತ್ತಲಿನ ಕಾವು. ಒಂದೊಂದು ಪಾಲೂ ಸಿಲಿಕಾನಿನ ಅಳತೆಗೆ ಹೇಳಿ ಮಾಡಿಸಿದಂತಿದೆ. ನನ್ನನ್ನು ಬಹಳ ಕಾಡಿದ ಲೆಕ್ಕವಿದು. ಕರೆಂಟು ಹೆಚ್ಚುತ್ತದೆ, ಶಾಖವಾಗಿ ಹೋಗುವುದು ತಗ್ಗುವುದರಿಂದ ಫಲಕವೂ ತಂಪಾಗಿರುತ್ತದೆ. ನಮ್ಮ ಗದಗ ಸೀಮೆಗೆ ಇನ್ನೇನು ಬೇಕು?

ತೊಡಕಿರುವುದು ಆ ಬೇಳೆಯನ್ನು ಸಿಲಿಕಾನಿಗೆ ದಾಟಿಸುವಲ್ಲಿ. ಅಮೆರಿಕದ ಎಂಐಟಿಯ ತಂಡವೊಂದು 2019ರಲ್ಲಿ ಟೆಟ್ರಾಸೀನಿಗೂ ಸಿಲಿಕಾನಿಗೂ ನಡುವೆ ಹ್ಯಾಫ್ನಿಯಂ ಆಕ್ಸಿನೈಟ್ರೈಡಿನ ಪದರವಿಟ್ಟು ದಾಟಿಸಿತು. ಅದರ ದಪ್ಪ ಕೆಲವೇ ಪರಮಾಣುಗಳಷ್ಟು; ತುಸು ಹೆಚ್ಚಾದರೂ ದಾರಿ ಮುಚ್ಚುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಪಾಟೀಲರ ತಂಡವೂ ಬೆಳಕನ್ನು ಹೀಗೆ ಒಡೆಯಬಲ್ಲ ಸಾವಯವ ಅಣುಗಳ ಮೇಲೆ ಕೆಲಸ ಮಾಡಿದೆ. ಇಂಥ ಪ್ರಯೋಗಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿಯ ದಿನಗಳು ಅಣುವಿಗೊಂದು ಕೊಂಬೆ ಸೇರಿಸುವುದರಲ್ಲಿ, ಶುದ್ಧಮಾಡುವುದರಲ್ಲಿ, ಲೇಸರ್ ಮಿಂಚು ಹಾಯಿಸಿ ಒಡೆಯಿತೋ ಇಲ್ಲವೋ ನೋಡುವುದರಲ್ಲಿ ಕಳೆಯುತ್ತವೆ.

ಒಡೆದರಷ್ಟೇ ಸಾಲದು, ಬಾಳಬೇಕು. ಗಾಳಿ, ಬೆಳಕು ಎರಡೂ ತಾಗಿದರೆ ಟೆಟ್ರಾಸೀನ್ ಕೆಡುತ್ತದೆ. ಅದರ ಕೆಳಗಿರುವ ಸಿಲಿಕಾನಿಗೆ ಮಾತ್ರ 25 ಬೇಸಿಗೆ ಲೆಕ್ಕಕ್ಕಿಲ್ಲ.