ಓಡಿದ್ದಕ್ಕೆ ಹೆದರಿಕೆಯೋ, ಹೆದರಿದ್ದಕ್ಕೆ ಓಟವೋ?

ಕಾಡುದಾರಿಯಲ್ಲಿ ಕರಡಿ ಎದುರಾದರೆ ಹೆದರುತ್ತೇವೆ, ಹೆದರಿದ್ದರಿಂದ ಓಡುತ್ತೇವೆ. ಇದರಲ್ಲಿ ತಕರಾರಿಗೆ ಜಾಗವೆಲ್ಲಿ? 1884ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಜೇಮ್ಸ್ ‘ಮೈಂಡ್’ ಪತ್ರಿಕೆಯಲ್ಲಿ ಆ ತಕರಾರು ತೆಗೆದರು. ನಾವು ಹೇಳಿಕೊಂಡು ಬಂದಿರುವ ಕ್ರಮವೇ ತಲೆಕೆಳಗು ಎಂಬುದು ಅವರ ವಾದ. ಕರಡಿ ಕಂಡೊಡನೆ ಎದೆ ಹೊಡೆದುಕೊಳ್ಳುತ್ತದೆ, ಮೈ ನಡುಗುತ್ತದೆ, ಕಾಲು ಓಟ ಕೀಳುತ್ತದೆ. ಮೈಯಲ್ಲಿ ನಡೆದ ಈ ಗದ್ದಲ ಅರಿವಿಗೆ ಬರುವುದನ್ನೇ ನಾವು ಭಯ ಎನ್ನುತ್ತೇವೆ. ಅಳು ಮೊದಲು, ದುಃಖ ಆಮೇಲೆ. ಬಡಿತವನ್ನೂ ನಡುಕವನ್ನೂ ಬೆವರನ್ನೂ ಒಂದೊಂದಾಗಿ ತೆಗೆದುಹಾಕಿ ನೋಡಿ, ಭಯವೆಂದು ಏನು ಉಳಿಯುತ್ತದೆ ಎಂದು ಅವರು ಸವಾಲು ಹಾಕಿದರು. ಮರುವರ್ಷ ಕೋಪನ್‌ಹೇಗನ್‌ನ ವೈದ್ಯ ಕಾರ್ಲ್ ಲಾಂಗೆ, ಜೇಮ್ಸ್ ಬರಹದ ಹಂಗಿಲ್ಲದೆ, ರಕ್ತನಾಳಗಳ ಹಿಗ್ಗುಕುಗ್ಗುಗಳ ಮಾತೆತ್ತಿ ಹೆಚ್ಚುಕಡಿಮೆ ಅದೇ ತೀರ್ಮಾನಕ್ಕೆ ಬಂದರು. ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರೂ ಇವತ್ತಿಗೂ ಜೋಡಿಯಾಗಿಯೇ ಇದೆ.

ಈ ವಾದವನ್ನು ಕೆಡವಲು ಹೊರಟವರು ಅದೇ ಹಾರ್ವರ್ಡ್‌ನಲ್ಲಿ ಜೇಮ್ಸ್ ಪಾಠ ಕೇಳಿದ್ದ ವಾಲ್ಟರ್ ಕ್ಯಾನನ್. ತತ್ವಶಾಸ್ತ್ರ ಓದುತ್ತೇನೆ ಎಂದು ಬಂದ ಈ ಹುಡುಗನಿಗೆ ಅದು ಹೊಟ್ಟೆ ತುಂಬುವ ದಾರಿಯಲ್ಲ ಎಂದು ಜೇಮ್ಸ್ ಅವರೇ ಬುದ್ಧಿ ಹೇಳಿದ್ದರಂತೆ. ವೈದ್ಯಕೀಯ ಸೇರಿದ ಕ್ಯಾನನ್, ಆಗಷ್ಟೇ ಬಂದಿದ್ದ ಎಕ್ಸ್-ರೇ ಹಿಡಿದು ಬೆಕ್ಕಿನ ಜಠರ ಹೇಗೆ ಅರೆಯುತ್ತದೆಂದು ನೋಡುತ್ತಿದ್ದರು. ಬೆಕ್ಕು ರೇಗಿದರೆ ಸಾಕು, ಜಠರ ಗಪ್ಪನೆ ನಿಂತುಬಿಡುತ್ತಿತ್ತು. ತಲೆ ಸವರಿ ಸಮಾಧಾನ ಮಾಡಿದರೆ ಮತ್ತೆ ಕೆಲಸಕ್ಕೆ ಇಳಿಯುತ್ತಿತ್ತು. ಜೀರ್ಣಕ್ರಿಯೆಯ ಸಂಶೋಧನೆ ಹೀಗೆ ಸಿಟ್ಟಿನ ಸಂಶೋಧನೆಯಾಯಿತು. ‘ಕಾದಾಡು ಇಲ್ಲವೇ ಓಡು’ ಎಂಬ ಈಗ ಮನೆಮಾತಾಗಿರುವ ವಿಚಾರ ಹುಟ್ಟಿದ್ದು ಇಲ್ಲಿಂದಲೇ.

1927ರಲ್ಲಿ ಕ್ಯಾನನ್ ತಮ್ಮ ಆಕ್ಷೇಪಗಳನ್ನು ಸಾಲಾಗಿ ಮುಂದಿಟ್ಟರು. ಸಿಟ್ಟಿಗೂ ಎದೆ ಬಡಿಯುತ್ತದೆ, ಭಯಕ್ಕೂ ಬಡಿಯುತ್ತದೆ, ಜ್ವರ ಬಂದರೂ ಬಡಿಯುತ್ತದೆ. ಮೈ ನೋಡಿ ಭಾವ ಯಾವುದೆಂದು ಹೇಳುವುದು ಹೇಗೆ? ಒಳಾಂಗಗಳು ನಿಧಾನ, ಭಾವವೋ ಕ್ಷಣಾರ್ಧದಲ್ಲಿ ಹಾಜರು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅವರ ಬೆಕ್ಕುಗಳದ್ದು. ಒಳಾಂಗಗಳನ್ನು ಕೆರಳಿಸುವ ಸಿಂಪಥೆಟಿಕ್ ನರಗಳನ್ನೇ ತೆಗೆದುಹಾಕಿದ್ದ ಬೆಕ್ಕಿನ ಮುಂದೆ ನಾಯಿ ಬೊಗಳಿದಾಗ ಅದು ಬುಸುಗುಟ್ಟಿತು, ಹಲ್ಲು ತೋರಿಸಿತು, ಪಂಜ ಎತ್ತಿತು. ಕೂದಲು ಮಾತ್ರ ನಿಮಿರಲಿಲ್ಲ. ಭರತನ ಎಂಟು ಸಾತ್ವಿಕ ಭಾವಗಳನ್ನು ಬಲ್ಲವರಿಗೆ ಇದು ತಮಾಷೆ ಅನಿಸೀತು: ರೋಮಾಂಚವೊಂದನ್ನು ಬಿಟ್ಟು ರೌದ್ರ ಪೂರ್ತಿಯಾಗಿತ್ತು. (ನಾಟ್ಯಶಾಸ್ತ್ರ ಕಣ್ಣೀರು, ಬೆವರು, ಕಂಪನಗಳ ಬೇರನ್ನು ಮನಸ್ಸಿನಲ್ಲೇ ಇಟ್ಟಿದೆ. ಹಾಗೆಂದು ಎಲ್ಲವೂ ನಮಗೆ ಮೊದಲೇ ಗೊತ್ತಿತ್ತು ಎಂದು ಬೀಗಬೇಕಿಲ್ಲ; ಭರತನಿಗೆ ಬೇಕಿದ್ದದ್ದು ನಟ, ಬೆಕ್ಕಲ್ಲ.) ಭಾವದ ಮೂಲ ಮೈಯಲ್ಲಲ್ಲ, ಮಿದುಳಿನೊಳಗೇ ಇದೆ ಎಂದು ಕ್ಯಾನನ್ ಮತ್ತು ಅವರ ಶಿಷ್ಯ ಫಿಲಿಪ್ ಬಾರ್ಡ್ ಸಾರಿದರು. ಜೇಮ್ಸ್ ಸೋತರೆಂದೇ ಬಹುಮಂದಿ ನಂಬಿದರು.

1962ರಲ್ಲಿ ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್, ಜೇಮ್ಸ್‌ಗೂ ಕ್ಯಾನನ್‌ಗೂ ಅರ್ಧರ್ಧ ಗೆಲುವು ಹಂಚಿದರು. ದೃಷ್ಟಿಯ ಮೇಲೆ ವಿಟಮಿನ್ ಪರಿಣಾಮ ನೋಡುತ್ತೇವೆಂದು ಸುಳ್ಳು ಹೇಳಿ ವಿದ್ಯಾರ್ಥಿಗಳಿಗೆ ಅಡ್ರಿನಲಿನ್ ಚುಚ್ಚಿದರು. ಎದೆ ಯಾಕೆ ಬಡಿಯುತ್ತಿದೆಯೆಂದು ತಿಳಿಯದ ಹುಡುಗನ ಜೊತೆ ಕೋಣೆಯಲ್ಲಿ ಇನ್ನೊಬ್ಬ, ಪ್ರಯೋಗಕಾರರ ಕಡೆಯವನೇ, ಕಾಗದದ ವಿಮಾನ ಹಾರಿಸಿ ಕುಣಿದರೆ ಇವನಿಗೂ ಖುಷಿ. ಅವನು ಅವಮಾನಕರ ಪ್ರಶ್ನಾವಳಿ ನೋಡಿ ಸಿಡಿದೆದ್ದರೆ ಇವನಿಗೂ ಕೋಪ. ಅಂದರೆ ಕಾವು ಮೈಯದು, ಹೆಸರು ಸಂದರ್ಭದ್ದು. ಕೇಳಲು ಚೆಂದ. ಆದರೆ 1979ರಲ್ಲಿ ಮತ್ತೆ ಪರೀಕ್ಷಿಸಿದವರಿಗೆ ಈ ಫಲಿತಾಂಶ ಸಿಗಲಿಲ್ಲ. ಪಠ್ಯಪುಸ್ತಕಗಳು ಈ ಪ್ರಯೋಗಕ್ಕೆ ಕೊಟ್ಟಷ್ಟು ಜಾಗವನ್ನು ಆ ಸುದ್ದಿಗೆ ಕೊಟ್ಟಿಲ್ಲ.

ಮುಂದೆ ಗಮನವೆಲ್ಲ ಅಮಿಗ್ಡಲಾದ ಕಡೆ ತಿರುಗಿತು. ಇದು ಕಿವಿಯ ನೇರಕ್ಕೆ ಮಿದುಳಿನ ಒಳಗೆ, ಎರಡೂ ಬದಿಗೆ ಇರುವ ಬಾದಾಮಿ ಗಾತ್ರದ ಭಾಗ. ಸದ್ದಿನ ಹಿಂದೆಯೇ ಷಾಕ್ ತಿಂದ ಇಲಿ ಆಮೇಲೆ ಬರೀ ಸದ್ದಿಗೇ ಮರಗಟ್ಟಿ ನಿಲ್ಲುತ್ತದೆ. ಸದ್ದನ್ನು ವಿಶ್ಲೇಷಿಸುವ ಹೊರಪದರವನ್ನು ತೆಗೆದರೂ ಇಲಿ ಇದನ್ನು ಕಲಿಯುತ್ತದೆ, ಸುದ್ದಿ ಅಡ್ಡದಾರಿಯಲ್ಲಿ ನೇರ ಅಮಿಗ್ಡಲಾಕ್ಕೆ ತಲುಪುತ್ತದೆ ಎಂದು ಜೋಸೆಫ್ ಲೆಡೂ 1980ರ ದಶಕದಲ್ಲಿ ತೋರಿಸಿದರು. ಅಮಿಗ್ಡಲಾಕ್ಕೆ ‘ಭಯದ ಕೇಂದ್ರ’ ಎಂಬ ಬಿರುದು ಅಂಟಿಕೊಂಡಿತು. ಆ ಬಿರುದು ತಪ್ಪು, ಇದು ಅಪಾಯ ಗುರುತಿಸಿ ಮೈಯನ್ನು ಸಜ್ಜುಗೊಳಿಸುವ ಏರ್ಪಾಡು, ಅನುಭವಿಸುವ ಭಯವೇ ಬೇರೆ ಎಂದು ಲೆಡೂ ಅವರೇ ಈಗ ಹೇಳುತ್ತಾರೆ. ಒಮ್ಮೆ ಅಂಟಿದ ಬಿರುದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಬಿರುದು ಬಲಿತದ್ದಕ್ಕೆ ಇನ್ನೊಂದು ಕಾರಣ, ಸಂಶೋಧನಾ ಬರಹಗಳಲ್ಲಿ ಎಸ್.ಎಂ. ಎಂದಷ್ಟೇ ಕರೆಯಲಾಗುವ ಅಮೆರಿಕದ ಮಹಿಳೆ. ಅಪರೂಪದ ಆನುವಂಶಿಕ ಕಾಯಿಲೆಯೊಂದು ಅವರ ಎರಡೂ ಅಮಿಗ್ಡಲಾಗಳನ್ನು ನಾಶಮಾಡಿತ್ತು. ಸಂಶೋಧಕರು ಅವರನ್ನು ಪ್ರಾಣಿಗಳ ಅಂಗಡಿಗೆ ಕರೆದೊಯ್ದರು. ಹಾವೆಂದರೆ ಆಗದು ಎಂದು ಹೇಳಿಕೊಂಡಿದ್ದ ಅವರು ಅಲ್ಲಿ ಹಾವನ್ನು ಕೈಗೆತ್ತಿಕೊಂಡು, ಸವರಿ, ಅದರ ನಾಲಗೆ ಮುಟ್ಟಿದರು. ದೆವ್ವದ ಬಂಗಲೆಯೆಂದು ಟಿಕೆಟ್ ಹಾಕಿ ತೋರಿಸುವ ಕಟ್ಟಡದಲ್ಲಿ ಎಲ್ಲರಿಗಿಂತ ಮುಂದೆ ನಡೆದರು.

ಆಮೇಲೆ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅವರ ಮುಖಕ್ಕೆ ಮಾಸ್ಕ್ ಹಾಕಿ ಶೇ 35ರಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದೇ ಉಸಿರು ಎಳೆಸಿದರು. ಉಸಿರು ಕಟ್ಟಿದಂತೆ ಮೈ ಕೂಗಿಕೊಂಡಿತು. ಎಸ್.ಎಂ. ಗಾಬರಿಯಿಂದ ಮಾಸ್ಕಿನತ್ತ ಕೈ ಬೀಸಿ ಸಹಾಯ ಕೇಳಿದರು. ಅದೇ ಕಾಯಿಲೆಯ ಅವಳಿ ಸೋದರಿಯರಿಬ್ಬರಿಗೂ ಅದೇ ಗತಿ. ಅಮಿಗ್ಡಲಾ ನೆಟ್ಟಗಿದ್ದ 12 ಜನರಲ್ಲಿ ಹಾಗೆ ತತ್ತರಿಸಿದವರು ಮೂವರು ಮಾತ್ರ. ಹೊರಗಿನ ಹಾವಿಗೆ ಅಮಿಗ್ಡಲಾ ಬೇಕು, ಮೈಯೊಳಗಿಂದ ಎದ್ದ ಗಂಡಾಂತರಕ್ಕೆ ಬೇಕಿಲ್ಲ ಎಂದಾಯಿತು. ಜೇಮ್ಸ್ ಇದ್ದಿದ್ದರೆ ಈ ವರದಿಯನ್ನು ಕ್ಯಾನನ್‌ಗೆ ತಪ್ಪದೆ ಕಳಿಸುತ್ತಿದ್ದರು. ಆದರೆ ಅದರಲ್ಲೇ ಇನ್ನೊಂದು ಸಂಗತಿಯೂ ಇತ್ತು. ಎರಡನೇ ಬಾರಿ ಮಾಸ್ಕ್ ಹಾಕುವಾಗ, ಮೊದಲ ಸಲ ಗಾಬರಿಗೊಂಡಿದ್ದ ಉಳಿದವರ ಎದೆಬಡಿತ ಗಾಳಿ ಬರುವ ಮೊದಲೇ ಏರಿತು. ಈ ಮೂವರು ಮಹಿಳೆಯರದ್ದು ಏರಲಿಲ್ಲ.