ಗರಗರ ಎಂದರೆ ಬೇರಿಂಗೇ? ವಾಷಿಂಗ್ ಮೆಷಿನ್ ಸದ್ದಿನ ಸುತ್ತ ಹಬ್ಬಿದ ನಂಬಿಕೆಗಳು

ಮೆಷಿನ್ ಸ್ಪಿನ್‌ಗೆ ಬಂತೆಂದರೆ ಟಿ.ವಿ. ಸದ್ದು ಏರಿಸಬೇಕಾದ ಸ್ಥಿತಿ ಬಂದಾಗ ನಾವೆಲ್ಲ ಸರ್ವಿಸ್‌ನವರಿಗೆ ಫೋನ್ ಮಾಡುತ್ತೇವೆ. ಎಷ್ಟೋ ಸಲ ಯಂತ್ರದ ಮುಖ ನೋಡುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಬೇರಿಂಗ್ ಹೋಗಿದೆ ಸರ್. ಟಬ್ ಪೂರ್ತಿ ಬದಲಾಯಿಸಬೇಕು. ಅದಕ್ಕಿಂತ ಹೊಸದು ತಗೊಳ್ಳೋದೇ ವಾಸಿ." ಬೇರಿಂಗ್ ಹೋಗಿರಲೂಬಹುದು. ಆದರೆ ಫ್ರಂಟ್ ಲೋಡ್ ಯಂತ್ರದಲ್ಲಿ ಸದ್ದು ಮಾಡಬಲ್ಲ ಭಾಗ ಅದೊಂದೇ ಅಲ್ಲ. ಉಳಿದವುಗಳಲ್ಲಿ ಕೆಲವನ್ನು ಕಾಸು ಖರ್ಚಿಲ್ಲದೆ ಸರಿಮಾಡಬಹುದು.

"ಗರಗರ ಸದ್ದು ಬಂತು, ಅಂದರೆ ಬೇರಿಂಗ್ ಹೋಯಿತು"

ಇದನ್ನು ಒಪ್ಪುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ಲಗ್ ಕಿತ್ತು, ಬಾಗಿಲು ತೆರೆದು, ಖಾಲಿ ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಒಳ್ಳೆಯ ಬೇರಿಂಗ್ ಇದ್ದರೆ ಡ್ರಮ್ ನುಣ್ಣಗೆ ತಿರುಗುತ್ತದೆ. ಹಾಳಾಗಿದ್ದರೆ ಮರಳು ಅರೆದ ಹಾಗೆ ಸದ್ದು ಬರುತ್ತದೆ, ಕೈಗೂ ಒರಟು ತಾಗುತ್ತದೆ. ಆಮೇಲೆ ಡ್ರಮ್ಮಿನ ಮೇಲಂಚನ್ನು ಒಳಗಿನಿಂದ ಹಿಡಿದು ಮೇಲೆತ್ತಿ ನೋಡಿ. ಡ್ರಮ್ಮು ಮತ್ತು ಅದರ ಹೊರಗಿನ ಪ್ಲಾಸ್ಟಿಕ್ ಟಬ್ಬು ಎರಡೂ ಒಟ್ಟಿಗೆ ಅಲುಗಿದರೆ ಚಿಂತೆಯಿಲ್ಲ, ಸ್ಪ್ರಿಂಗ್ ಮೇಲೆ ತೂಗಾಡುವುದು ಅದರ ಸಹಜ ಗುಣ. ಟಬ್ಬು ನಿಂತಲ್ಲೇ ನಿಂತು ಡ್ರಮ್ಮೊಂದೇ ಲಟಕ್ ಎಂದು ಅಲುಗಿದರೆ ಬೇರಿಂಗ್ ಹೋಗಿದೆ ಎಂಬ ಮಾತು ನಿಜ ಎನ್ನಬೇಕು.

ಬೇರಿಂಗ್ ಸದ್ದಿಗೆ ಇನ್ನೊಂದು ಗುರುತಿದೆ. ಅದು ವೇಗದ ಜೊತೆ ಏರುತ್ತದೆ. ಒಗೆಯುವಾಗ ಸಣ್ಣ ಗೊಣಗಾಟ, ಸ್ಪಿನ್ನಿನಲ್ಲಿ ವಿಮಾನ ಹೊರಟಂಥ ಆರ್ಭಟ. ನೀರು ಹೊರಹೋಗುವಾಗ ಮಾತ್ರ ಸದ್ದು ಕೇಳಿಸಿದರೆ ಅದು ಡ್ರೈನ್ ಪಂಪಿನ ಗಲಾಟೆ. ಯಂತ್ರದ ಮುಂದೆ, ಕೆಳಗಡೆ ಒಂದು ಪುಟ್ಟ ಮುಚ್ಚಳವಿರುತ್ತದೆ. ತಟ್ಟೆ, ಬಟ್ಟೆ ಇಟ್ಟುಕೊಂಡು ನಿಧಾನಕ್ಕೆ ತಿರುಚಿ ತೆಗೆಯಿರಿ, ಉಳಿದ ನೀರು ಸುರಿಯುತ್ತದೆ. ಹಿಂದೆಯೇ ಒಂದು ರೂಪಾಯಿ ನಾಣ್ಯ, ಪಿನ್ನು, ಬ್ಲೌಸಿನ ಹುಕ್ಕು, ಅಂಗಿ ಗುಂಡಿ ಬರುವುದುಂಟು. ಟಾರ್ಚ್ ಹಾಕಿ ಪಂಪಿನ ರೆಕ್ಕೆಗೆ ಕೂದಲು, ದಾರ ಸುತ್ತಿಕೊಂಡಿದೆಯೇ ಎಂದೂ ನೋಡಿ.

ನಿಧಾನವಾಗಿ ತಿರುಗುವಾಗ ಟಣ್ ಟಣ್ ಎಂದರೆ ಡ್ರಮ್ಮಿಗೂ ಟಬ್ಬಿಗೂ ನಡುವೆ ಏನೋ ಸೇರಿಕೊಂಡಿದೆ. ಒಳಉಡುಪಿನ ತಂತಿ ಇಂಥದ್ದರಲ್ಲಿ ಕುಖ್ಯಾತ. ಡ್ರಮ್ಮಿನ ತೂತಿನಿಂದ ಅರ್ಧ ಇಣುಕಿ, ಪ್ರತಿ ಸುತ್ತಿಗೂ ಟಬ್ಬನ್ನು ಗೀರುತ್ತದೆ. ತುದಿ ಕಂಡರೆ ಇಕ್ಕಳದಿಂದ ಎಳೆದುಬಿಡಬಹುದು. ಕಾಣದಿದ್ದರೆ ಟಬ್ಬಿನ ತಳದ ರಬ್ಬರ್ ಪೈಪನ್ನೋ ಹೀಟರನ್ನೋ ಕಳಚಿ, ಆ ಕಂಡಿಯಿಂದ ಹೊರತೆಗೆಯುತ್ತಾರೆ. ಬೆಲ್ಟ್ ಇರುವ ಯಂತ್ರದಲ್ಲಿ ಕೀಚ್ ಎಂಬ ಸದ್ದು ಸಡಿಲಗೊಂಡ ಅಥವಾ ಸವೆದ ಬೆಲ್ಟಿನದಿರಬಹುದು. ಇವಾವುದಕ್ಕೂ ಟಬ್ ಬದಲಾಯಿಸಬೇಕಾಗಿಲ್ಲ.

"ಸ್ಟ್ಯಾಂಡ್ ಮೇಲಿಟ್ಟರೆ, ಕೆಳಗೆ ರಬ್ಬರ್ ಹಾಕಿದರೆ ಅದುರುವುದು ನಿಲ್ಲುತ್ತದೆ"

ನಮ್ಮಲ್ಲಿ ಹೊಸ ಮೆಷಿನ್ ಜೊತೆಗೇ ಚಕ್ರದ ಸ್ಟ್ಯಾಂಡ್ ಕೊಳ್ಳುವುದು ಶಾಸ್ತ್ರದಂತೆ ನಡೆದುಬಂದಿದೆ. ಕೆಳಗೆ ಗುಡಿಸಲು ಅನುಕೂಲ, ನಿಜ. ಆದರೆ ಅದುರುವ ಯಂತ್ರಕ್ಕೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಯಾಕೆಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಡ್ರಮ್ಮಿನ ಅಡ್ಡಳತೆ 48 ಸೆಂಟಿಮೀಟರ್, ಸ್ಪಿನ್ ವೇಗ ನಿಮಿಷಕ್ಕೆ 1200 ಸುತ್ತು ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 20 ಸುತ್ತು. ಆ ವೇಗದಲ್ಲಿ ಡ್ರಮ್ಮಿನ ಗೋಡೆಗೆ ಅಂಟಿದ ಬಟ್ಟೆ ತನ್ನ ತೂಕದ ಸುಮಾರು 380 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ಒಂದು ಪಕ್ಕದಲ್ಲಿ ಅರ್ಧ ಕೆ.ಜಿ. ಒದ್ದೆ ಬಟ್ಟೆ ಹೆಚ್ಚಾಗಿ ಕೂತರೂ 190 ಕೆ.ಜಿ. ತೂಕದಷ್ಟು ಎಳೆತ ಉಂಟಾಗುತ್ತದೆ. ಅದೂ ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತ. ಇದನ್ನು ತಗಡಿನ ಸ್ಟ್ಯಾಂಡು, ಅದರ ನಾಲ್ಕು ಸಣ್ಣ ಚಕ್ರ ಹೇಗೆ ತಡೆದಾವು?

1937ರಲ್ಲಿ ಅಮೆರಿಕದಲ್ಲಿ ಬೆಂಡಿಕ್ಸ್ ಕಂಪನಿ ಮನೆಬಳಕೆಯ ಆಟೊಮ್ಯಾಟಿಕ್ ಯಂತ್ರವನ್ನು ತಂದಾಗ ಇದಕ್ಕೆ ಹುಡುಕಿದ ಉಪಾಯ ನೇರವಾಗಿತ್ತು: ಯಂತ್ರವನ್ನು ನೆಲಕ್ಕೇ ಬೋಲ್ಟ್ ಹಾಕಿ ಬಿಗಿಯುವುದು. ಈಗಿನವುಗಳಲ್ಲಿ ಆ ಕೆಲಸವನ್ನು ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಮತ್ತು ಟಬ್ಬಿಗೆ ಬಿಗಿದ ಕಾಂಕ್ರೀಟ್ ದಿಮ್ಮಿಗಳು ಹಂಚಿಕೊಂಡಿವೆ. ಹಿಂಬದಿ ಬಿಚ್ಚಿದವರು ಆ ಕಾಂಕ್ರೀಟ್ ನೋಡಿ "ತೂಕ ತೋರಿಸಲು ಕಲ್ಲು ತುಂಬಿಸಿದ್ದಾರೆ" ಎಂದು ಬೈಯುವುದನ್ನು ಕೇಳಿದ್ದೇನೆ. ಪಾಪ, ಯಂತ್ರ ಕುಣಿದಾಡದಂತೆ ಹಿಡಿದಿರುವುದೇ ಆ ಕಲ್ಲು. ಅದರ ಬೋಲ್ಟ್ ಸಡಿಲವಾದರೆ ಸ್ಪಿನ್ನಿನಲ್ಲಿ ದಬದಬ ಎನ್ನುತ್ತದೆ. ಸ್ಪ್ಯಾನರ್ ಹಾಕಿ ಬಿಗಿದರೆ ಮುಗಿಯಿತು, ಕಲ್ಲು ಬಿರುಕು ಬಿಟ್ಟಿದ್ದರೆ ಮಾತ್ರ ಬದಲಿಸಬೇಕು. ಶಾಕ್ ಅಬ್ಸಾರ್ಬರ್ ಪರೀಕ್ಷೆಗೆ ಮೇಲಿನ ಮುಚ್ಚಳ ತೆಗೆದು ಟಬ್ಬನ್ನು ಕೆಳಕ್ಕೆ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಮೇಲೆ ಕೆಳಗೆ ಕುಣಿಯುತ್ತಲೇ ಇದ್ದರೆ ಅವು ಸೋತಿವೆ, ಹಾಕುವಾಗ ಜೋಡಿಯಾಗಿಯೇ ಹೊಸದು ಹಾಕಿ.

ಸ್ಟ್ಯಾಂಡಿನ ಬದಲು ಮಾಡಬೇಕಾದ್ದು ಇಷ್ಟೇ. ಗಟ್ಟಿ ನೆಲದ ಮೇಲಿಟ್ಟು, ಮೇಸ್ತ್ರಿಗಳ ರಸಮಟ್ಟವನ್ನು ಮೇಲೆ ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಿ. ಕಾಲುಗಳನ್ನು ತಿರುಗಿಸಿ ಸಮ ಮಾಡಿದ ಮೇಲೆ ಅವುಗಳ ಮೇಲಿನ ಲಾಕ್ ನಟ್ ಬಿಗಿಯಿರಿ. ಹೆಚ್ಚಿನವರು ಮರೆಯುವುದು ಈ ನಟ್ಟನ್ನೇ. ಅದು ಸಡಿಲವಿದ್ದರೆ ಕಾಲು ತಾನಾಗಿ ತಿರುಗಿ ಮತ್ತೆ ಎತ್ತರ ತಗ್ಗಾಗುತ್ತದೆ. ಎದುರುಬದುರು ಮೂಲೆಗಳನ್ನು ಒತ್ತಿದಾಗ ಯಂತ್ರ ಅಲುಗಬಾರದು.

ಇನ್ನು ಹೊಸ ಯಂತ್ರ, ಅಥವಾ ಮನೆ ಬದಲಿಸಿ ತಂದ ಯಂತ್ರ ಮೊದಲ ದಿನವೇ ಕೋಣೆ ತುಂಬ ಓಡಾಡಿದರೆ ಹಿಂಬದಿ ನೋಡಿ. ಸಾಗಣೆಯಲ್ಲಿ ಟಬ್ ಅಲುಗದಿರಲೆಂದು ಹಾಕಿದ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳು ಅಲ್ಲೇ ಉಳಿದಿರಬಹುದು. ಅವನ್ನು ತೆಗೆಯದೆ ಯಂತ್ರ ಓಡಿಸಲೇಬಾರದು, ತೆಗೆದ ಮೇಲೆ ಎಸೆಯಲೂಬಾರದು. ಮುಂದಿನ ಬಾಡಿಗೆ ಮನೆಗೆ ಹೋಗುವಾಗ ಮತ್ತೆ ಬೇಕು.

"ಒಂದೇ ಬೆಡ್‌ಶೀಟ್ ಹಾಕಿದರೆ ಯಂತ್ರಕ್ಕೆ ಹಗುರ"

ಮೇಲಿನ ಲೆಕ್ಕ ಓದಿದವರಿಗೆ ಉತ್ತರ ಗೊತ್ತು. ಒಂದೇ ದಪ್ಪ ರಗ್ಗು, ಒಂದೇ ಬಾತ್ ಟವೆಲ್ ಒಂದು ಕಡೆ ಮುದ್ದೆಯಾಗಿ ಕೂರುತ್ತದೆ, ಅದಕ್ಕೆ ಎದುರು ತೂಕ ಇರುವುದಿಲ್ಲ. ಯಂತ್ರ ಅದನ್ನು ಗ್ರಹಿಸಿ ಹಿಂದೆ ಮುಂದೆ ತಿರುಗಿಸಿ ಹರಡಲು ನೋಡುತ್ತದೆ. ಆಗದಿದ್ದರೆ ವೇಗ ಇಳಿಸುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಅದನ್ನು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಜೊತೆಗೆ ನಾಲ್ಕೈದು ಸಣ್ಣ ಬಟ್ಟೆ ಸೇರಿಸಿ.

"ಬೇರಿಂಗಿಗೆ ಒಂದಿಷ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ"

ಬಾಗಿಲು, ಸೈಕಲ್ ಚೈನ್‌ಗೆ ಸಲ್ಲುವ ಮಾತು ಇಲ್ಲಿ ಸಲ್ಲದು. ಡ್ರಮ್ಮಿನ ಬೇರಿಂಗುಗಳು ಟಬ್ಬಿನ ಹಿಂಗೋಡೆಯೊಳಗೆ ಕೂತಿವೆ. ಹಿಂದಿನ ಪುಲ್ಲಿ ಕಡೆಯಿಂದ ಸ್ಪ್ರೇ ಹೊಡೆದರೆ ಎಣ್ಣೆ ಹೊರ ಬೇರಿಂಗಿನ ಮುಚ್ಚಳದ ಮೇಲಷ್ಟೇ ಬೀಳುತ್ತದೆ. ಅಷ್ಟಿಷ್ಟು ಒಳಗಿಳಿದರೂ ಅಲ್ಲಿದ್ದ ಗ್ರೀಸನ್ನೇ ತೆಳುವಾಗಿಸಿ ತೊಳೆಯುತ್ತದೆ. ಬೇರಿಂಗ್ ಕೆಟ್ಟದ್ದು ಎಣ್ಣೆ ಸಾಲದೆ ಅಲ್ಲ. ಟಬ್ಬಿನ ಕಡೆಯ ರಬ್ಬರ್ ಆಯಿಲ್ ಸೀಲ್ ಸವೆದು ಸೋಪಿನ ನೀರು ನುಗ್ಗಿದೆ, ಗ್ರೀಸ್ ಕರಗಿದೆ, ಗುಂಡುಗಳು ತುಕ್ಕು ಹಿಡಿದಿವೆ. ಟಬ್ಬಿನ ಬೆನ್ನಲ್ಲಿ ಕಂದು ಬಣ್ಣದ ನೀರಿಳಿದ ಗೆರೆ ಕಂಡರೆ ಅದೇ ಸಾಕ್ಷಿ.

ಹಾಗಾಗಿ ಬೇರಿಂಗ್ ಮಾತ್ರ ಬದಲಿಸಿ ಹಳೆಯ ಸೀಲ್ ಉಳಿಸಿಕೊಂಡವರ ಮನೆಯಲ್ಲಿ ಸದ್ದು ಮತ್ತೆ ಬರುತ್ತದೆ. ಶಾಫ್ಟಿನಲ್ಲಿ ಸೀಲ್ ಉಜ್ಜುವ ಜಾಗದಲ್ಲಿ ಉಗುರಾಡಿಸಿ ನೋಡಿ. ಗೆರೆ ಬಿದ್ದಿದ್ದರೆ ಹೊಸ ಸೀಲೂ ನೀರು ಬಿಡುತ್ತದೆ. ಅದೇ ಹೊತ್ತಿಗೆ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟನ್ನೂ ಪರೀಕ್ಷಿಸಿ. ಮೆಕ್ಯಾನಿಕ್‌ಗಳು ಇದನ್ನು ಸ್ಪೈಡರ್ ಎನ್ನುತ್ತಾರೆ. ಸ್ಟೀಲ್ ಡ್ರಮ್ಮಿಗೆ ತಾಗಿಕೊಂಡು, ಕ್ಷಾರದ ಸೋಪಿನ ಕೊಳೆಯಲ್ಲಿ ನೆನೆಯುತ್ತ ಅದು ಪುಡಿಪುಡಿಯಾಗಿ ಸವೆಯುತ್ತದೆ. ಒಂದು ತೋಳು ಮುರಿದರೆ ಡ್ರಮ್ ವಾಲಿ ಟಬ್ಬಿಗೆ ಬಡಿಯುತ್ತದೆ. "ಪುಡಿ ಜಾಸ್ತಿ ಹಾಕಿದಷ್ಟೂ ಬಟ್ಟೆ ಬಿಳಿ" ಎಂಬ ಇನ್ನೊಂದು ನಂಬಿಕೆಯ ಬೆಲೆ ತೆರುವುದು ಈ ಸ್ಪೈಡರೇ.

ಸ್ವತಃ ಕೈಹಾಕುವವರಿಗೆ ಎರಡು ಮಾತು. ಬೇರಿಂಗ್ ಅಳತೆಗೆ ಕಂಪನಿಯವರನ್ನೇ ಕಾಯಬೇಕಿಲ್ಲ, ಹಳೆಯ ಬೇರಿಂಗಿನ ಮೇಲೆ ಸಂಖ್ಯೆ ಕೊರೆದಿರುತ್ತದೆ. 6205 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ, ಒಳತೂತು 25 ಮಿಲಿಮೀಟರ್. 6206 ಆದರೆ 30. ಯಾವ ಬೇರಿಂಗ್ ಅಂಗಡಿಯಲ್ಲೂ ಈ ಸಂಖ್ಯೆ ಹೇಳಿದರೆ ಸಾಕು. ಟಬ್ಬಿಗೆ ಕೂರಿಸುವಾಗ ಹೊರ ಉಂಗುರದ ಮೇಲೆ ಮಾತ್ರ ಬಡಿಯಿರಿ. ಒಳ ಉಂಗುರಕ್ಕೆ ಪೆಟ್ಟು ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಕೆಡುತ್ತದೆ. ವೈರ್ ಕಳಚುವ ಮೊದಲು ಫೋಟೊ ತೆಗೆದುಕೊಳ್ಳಿ. ಟಬ್ ಹೊರಗೆಳೆಯಲು ಇಬ್ಬರು ಬೇಕು.

ಆದರೆ ಟಬ್ಬಿನ ಎರಡು ಭಾಗಗಳನ್ನು ಸ್ಕ್ರೂ ಹಾಕಿ ಜೋಡಿಸಿದ್ದಾರೋ, ಕರಗಿಸಿ ಅಂಟಿಸಿದ್ದಾರೋ ಮೊದಲು ತಿಳಿದುಕೊಳ್ಳಿ. ಅಂಟಿಸಿದ್ದರೆ ಗರಗಸದಿಂದ ಕೊಯ್ದು, ಸಿಲಿಕೋನ್ ಹಚ್ಚಿ, ಬೋಲ್ಟ್ ಹಾಕಿ ಕೂಡಿಸಬೇಕು. ಅನುಭವಿ ಮೆಕ್ಯಾನಿಕ್‌ಗಳು ಇದನ್ನು ಮಾಡುತ್ತಾರೆ. ಮೊದಲ ಸಲ ಸ್ಪ್ಯಾನರ್ ಹಿಡಿದವರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

"ಡೈರೆಕ್ಟ್ ಡ್ರೈವ್ ಯಂತ್ರ, ಮೋಟಾರಿಗೆ ಹತ್ತು ವರ್ಷ ವಾರಂಟಿ, ಏನೂ ಆಗಲ್ಲ"

ಡೈರೆಕ್ಟ್ ಡ್ರೈವ್‌ನಲ್ಲಿ ಇಲ್ಲದಿರುವುದು ಬೆಲ್ಟು. ಡ್ರಮ್ಮಿನ ಶಾಫ್ಟ್ ಅಲ್ಲೂ ಬೇರಿಂಗ್ ಮೇಲೆಯೇ ತಿರುಗಬೇಕು. ಮೋಟಾರಿನ ವಾರಂಟಿ ಎಂದರೆ ಸಾಮಾನ್ಯವಾಗಿ ಮೋಟಾರಿನದ್ದಷ್ಟೇ. ಬೇರಿಂಗು, ಸೀಲು, ಕೂಲಿ ಅದರಲ್ಲಿ ಸೇರಿವೆಯೇ ಎಂದು ಕಾರ್ಡಿನ ಸಣ್ಣ ಅಕ್ಷರ ಓದಿ. ವಾರಂಟಿ ಅವಧಿಯಲ್ಲೇ ಇದ್ದರೆ ನೀವೇ ಬಿಚ್ಚಲು ಹೋಗಬೇಡಿ.

"ಸದ್ದು ತಾನೇ, ಬಟ್ಟೆ ಒಗೆಯುತ್ತಿದೆಯಲ್ಲ"

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ನಾಣ್ಯದ ಸದ್ದಿಗೆ ಒಂದು ವಾರ ತಡೆದರೂ ನಡೆದೀತು. ಕೈಯಿಂದ ಎತ್ತಿದಾಗ ಡ್ರಮ್ ಲಟಕ್ ಎಂದರೆ ತಡೆಯಬೇಡಿ. ಸಡಿಲ ಬೇರಿಂಗ್ ಮೊದಲು ಶಾಫ್ಟನ್ನು ತಿನ್ನುತ್ತದೆ, ಆಮೇಲೆ ಬೇರಿಂಗ್ ಕೂರುವ ಗೂಡನ್ನು. ವಾಲಿದ ಡ್ರಮ್ ಟಬ್ಬನ್ನೂ ಹೀಟರನ್ನೂ ಉಜ್ಜುತ್ತದೆ. ಎರಡು ಬೇರಿಂಗು, ಒಂದು ಸೀಲಿನಲ್ಲಿ ಮುಗಿಯಬೇಕಿದ್ದ ರಿಪೇರಿ ಆಗ ನಿಜವಾಗಿಯೂ ಟಬ್ಬು, ಡ್ರಮ್ಮು ಪೂರ್ತಿ ಬದಲಿಸುವವರೆಗೆ ಹೋಗುತ್ತದೆ. ಅಂಥ ಯಂತ್ರಕ್ಕೆ ಇನ್ನೊಂದು ಲೋಡ್ ಹಾಕದೆ ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಮೆಕ್ಯಾನಿಕ್‌ಗೆ ಹೇಳಿಕಳಿಸಿ.